ಹೊತ್ತು ತರಲಾಗದ್ದನ್ನು ಹೊಡೆಯಬೇಡ

ಮೊನ್ನೆ ಭಾನುವಾರ ಬೆಳಿಗ್ಗೆ ಒಗ್ಗರಣೆ ಅವಲಕ್ಕಿ ತಿನ್ನುತ್ತಾ ಕೂತಿದ್ದೆ. ತೀರ್ಥಹಳ್ಳಿಯಿಂದ ಅಕ್ಕನ ಫೋನು.

"ನಿನ್ನ ಅಳಿಯ ಅಮೆರಿಕದಲ್ಲಿ ಶಿಕಾರಿಗೆ ಹೊರಟಿದಾನಂತೆ ಕಣೋ. ನೀನಾದ್ರೂ ಬುದ್ಧಿ ಹೇಳು. ಅಪ್ಪಯ್ಯ ಕೋವಿ ಕೆಳಗಿಟ್ಟ ಮೇಲೆ ನಮ್ಮನೇಲಿ ಯಾರೂ ಮುಟ್ಟಿಲ್ಲ."

ಡೊಂಬಿವಲಿಯಲ್ಲಿ ಮೂವತ್ತು ವರ್ಷದಿಂದ ಇರುವವನು ನಾನು. ಲೋಕಲ್ ಟ್ರೈನು, ಬ್ಯಾಂಕು, ಸಾಲದ ಫೈಲು. ಶಿಕಾರಿ ಬಗ್ಗೆ ನಾನೇನು ಹೇಳಲಿ? ಆದರೂ ಅಳಿಯನಿಗೆ ಫೋನ್ ಮಾಡಿದೆ.

"ಮಾವ, ಬೈಯ್ಯೋ ಮುಂಚೆ ನನ್ನ ಪ್ಲಾನ್ ಒಂದ್ಸಲ ನೋಡಿ" ಅಂದ. ಐದೇ ನಿಮಿಷಕ್ಕೆ ಎಕ್ಸೆಲ್ ಶೀಟು ಬಂತು. ಅವನಿರುವುದು ಟೆಕ್ಸಾಸಿನಲ್ಲಿ. ಅಕ್ಟೋಬರಿನಲ್ಲಿ ಕೊಲೊರಾಡೊ ಬೆಟ್ಟಗಳಿಗೆ ಒಬ್ಬ ಸ್ನೇಹಿತನ ಜೊತೆ ಎಲ್ಕ್ ಬೇಟೆ. ಗೈಡ್ ಇಲ್ಲ, ಕುದುರೆ ಇಲ್ಲ, ಎಲ್ಲಾ ಸ್ವಂತವೇ. ಎಲ್ಕ್ ಅಂದರೆ ನಮ್ಮ ಕಾಶ್ಮೀರದ ಹಂಗುಲ್ ಜಿಂಕೆಯ ದಾಯಾದಿ. ಬಲಿತ ಗಂಡು ಸುಮಾರು 300 ಕೆ.ಜಿ. ತೂಗುತ್ತದೆ.

ಭಾನುವಾರ ಕೋಳಿ ತರುವ ನಾನು ಅವನಿಗೆ ಅಹಿಂಸೆ ಉಪದೇಶ ಮಾಡಿದರೆ ನಗುತ್ತಾನೆ. ಕಾನೂನು ತೋರಿಸೋಣವೆಂದರೆ ಅದೂ ಆಗದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ, ಹಾಗೇ ಇರಬೇಕು. ಅಲ್ಲಿನ ಲೆಕ್ಕ ಬೇರೆ. ಒಂದು ಕಾಲಕ್ಕೆ ಕೊಲೊರಾಡೊದಲ್ಲಿ ಎಲ್ಕ್ ಮುಗಿದೇಹೋಗುವ ಸ್ಥಿತಿ ಇತ್ತು. 1910ರ ದಶಕದಲ್ಲಿ ಪಕ್ಕದ ವಯೋಮಿಂಗಿನಿಂದ ತಂದು ಬಿಟ್ಟು ಬೆಳೆಸಿದರು. ಇವತ್ತು ಎರಡೂವರೆ ಲಕ್ಷಕ್ಕೂ ಹೆಚ್ಚಿವೆ. ಯಾವ ವಿಭಾಗದಲ್ಲಿ, ಯಾವ ವಾರ, ಗಂಡೋ ಹೆಣ್ಣೋ ಎಂದು ಸರ್ಕಾರವೇ ಬರೆದು ಲೈಸೆನ್ಸ್ ಕೊಡುತ್ತದೆ. ಹೊರರಾಜ್ಯದವನಿಗೆ ಶುಲ್ಕ 700 ಡಾಲರಿಗೂ ಮೇಲೆ. ಆ ದುಡ್ಡು, ಜೊತೆಗೆ 1937ರ ಕಾಯ್ದೆಯಂತೆ ಬಂದೂಕು ತೋಟಾಗಳ ಮೇಲೆ ಬರುವ ತೆರಿಗೆ, ವನ್ಯಜೀವಿ ರಕ್ಷಣೆಗೇ ಹೋಗುತ್ತದೆ. ಅಳಿಯ ಬೇಟೆ ತರಬೇತಿಯ ಸರ್ಟಿಫಿಕೇಟನ್ನೂ ತಗೊಂಡಿದ್ದಾನೆ. ಕಳ್ಳತನ ಅನ್ನುವ ಹಾಗಿಲ್ಲ.

(ನಿಮ್ಮ ಮಕ್ಕಳೂ ಅಲ್ಲಿದ್ದರೆ ಒಂದು ಮಾತು. ಇವನಿಗೆ ಗ್ರೀನ್ ಕಾರ್ಡ್ ಇದೆ. ಎಚ್-1ಬಿ ಅಂಥ ವೀಸಾದಲ್ಲಿರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದೇ ಸಾಮಾನ್ಯವಾಗಿ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಕಾಗದ ಸರಿಯಿರಬೇಕು. ಸ್ನೇಹಿತ ಕೊಟ್ಟ ಅಂತ ಕೈಗೆ ತಗೊಳ್ಳಬೇಡಿ ಎಂದು ಹೇಳಿಡಿ.)

ಶೀಟು ನೋಡಿದೆ. ರೈಫಲ್, ಬೈನಾಕ್ಯುಲರ್, ಟೆಂಟು, ಬೂಟು, ಸ್ಯಾಟಲೈಟ್ ಮೆಸೇಜು ಕಳಿಸುವ ಯಂತ್ರ... ನಲವತ್ತು ಸಾಲು. ಕೊನೆಯಲ್ಲಿ ಒಂದೇ ಸಾಲು: "ಮಾಂಸ ತರುವುದು". ಮುಂದಿನ ಕಾಲಂ ಖಾಲಿ.

ಬ್ಯಾಂಕಿನವನಿಗೆ ಇದು ಕಣ್ಣಿಗೆ ಬೀಳದೆ ಇರುತ್ತದಾ? ಹೊಸ ಆಫೀಸರುಗಳಿಗೆ ನಾವು ಹೇಳುವ ಮೊದಲ ಪಾಠ, ಮಂಜೂರಾತಿಗೆ ಸಹಿ ಹಾಕುವ ಮುಂಚೆ ವಸೂಲಿ ಹೇಗೆ ಅಂತ ಯೋಚಿಸು. ದುಡ್ಡು ಕೊಡುವುದು ಒಂದು ನಿಮಿಷದ ಕೆಲಸ. ಟ್ರಿಗರ್ ಎಳೆಯುವುದೂ ಅಷ್ಟೇ.

"ಗಾಡಿಯಿಂದ ಎಷ್ಟು ದೂರ ಹೋಗ್ತೀಯಾ?" ಕೇಳಿದೆ. "ಎಂಟು ಕಿಲೋಮೀಟರ್ ಮಾವ. ಒಳಗೆ ಹೋದಷ್ಟೂ ಜನ ಕಡಿಮೆ, ಎಲ್ಕ್ ಜಾಸ್ತಿ."

ಪೆನ್ನು ತಗೊಂಡು ಕೂತೆ. ಮೂಳೆ ಬಿಡಿಸಿದರೂ ಸುಮಾರು 100 ಕೆ.ಜಿ. ಮಾಂಸ ಅನ್ನಿ. ಒಂದು ಹೊರೆಗೆ 25 ಕೆ.ಜಿ. ಅಂದರೆ ನಾಲ್ಕು ಹೊರೆ, ತಲಾ ಎರಡು. ಹೊತ್ತು ಬರಬೇಕು, ಬರಿಗೈಲಿ ವಾಪಸ್ ಹೋಗಬೇಕು, ಮತ್ತೆ ಹೊತ್ತು ಬರಬೇಕು. ಎಂಟು ಕಿಲೋಮೀಟರ್ ಆದರೆ ಒಬ್ಬೊಬ್ಬನಿಗೆ 24. ಸ್ನೇಹಿತನ ಕಾಲು ಉಳುಕಿ ಇವನೊಬ್ಬನೇ ಆದರೆ 56! ಅದೂ ಹತ್ತು ಸಾವಿರ ಅಡಿ ಎತ್ತರದಲ್ಲಿ, ಯಾವಾಗ ಬೇಕಾದರೂ ಹಿಮ ಬೀಳುವ ತಿಂಗಳಲ್ಲಿ. ಇಡೀ ದಿನ ಡ್ರೈವ್ ಮಾಡಿ ಬಯಲುಸೀಮೆಯಿಂದ ಹೋದವನಿಗೆ ಅಲ್ಲಿ ಮೊದಲ ದಿನ ಉಸಿರೇ ಸಾಲುವುದಿಲ್ಲ. ಚಳಿ ಇದ್ದರೂ ಆ ದಪ್ಪ ಚರ್ಮದೊಳಗೆ ಶಾಖ ನಿಂತು ಮಾಂಸ ಕೆಡುತ್ತದೆ, ತಡಮಾಡದೆ ಸುಲಿದು, ತುಂಡು ಮಾಡಿ, ಬಟ್ಟೆಚೀಲದಲ್ಲಿ ನೆರಳಿಗೆ ತೂಗುಹಾಕಬೇಕು. ತಿನ್ನುವ ಮಾಂಸ ಬಿಟ್ಟು ಬಂದರೆ ಅಲ್ಲಿ ಅಪರಾಧ. ಕೊಂಬು ಮಾತ್ರ ಕಿತ್ತುಕೊಂಡು ಬಂದರಂತೂ ಜೈಲು ಕಾಣಿಸುವಂಥ ಅಪರಾಧ.

ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಗ ಅಪ್ಪಯ್ಯನ ಕಥೆ ಹೇಳಿದೆ. ಅವರು ಒಮ್ಮೆ ಮಾತ್ರ ನನ್ನ ಹತ್ತಿರ ಹೇಳಿದ್ದು.

ಕಾಯ್ದೆ ಬರುವ ಮುಂಚಿನ ಕಾಲ. ಸಂಜೆ ಹೊತ್ತಲ್ಲಿ ಕಡವೆಗೆ ಈಡು ಹೊಡೆದರು. ಏಟು ಬಿತ್ತು, ಕಡವೆ ಬೀಳಲಿಲ್ಲ. ಹಳ್ಳ ದಾಟಿ ಓಡಿತು. ಕತ್ತಲಾಯಿತು, ಬ್ಯಾಟರಿಯೂ ಇರಲಿಲ್ಲ, ವಾಪಸು ಬಂದರು. ಮರುದಿನವೆಲ್ಲ ಹುಡುಕಿದರು. ಮೂರನೇ ದಿನ ರಣಹದ್ದು ಸುತ್ತುವುದನ್ನು ನೋಡಿ ಹೋದರೆ, ಹಳ್ಳದಾಚೆ ಬಿದ್ದಿತ್ತು. "ಕೊಂದಿದ್ದಕ್ಕೆ ಬೇಜಾರಿಲ್ಲ, ಯಾರ ಹೊಟ್ಟೆಗೂ ಆಗದ ಹಾಗೆ ಕೊಂದೆ" ಅಂದಿದ್ದರು. ಆಮೇಲೆ ಕೋವಿ ಅಟ್ಟ ಸೇರಿತು.

ಅಕ್ಕನಿಗೆ ನೆನಪಿರುವುದು ಕೋವಿ ಅಟ್ಟಕ್ಕೆ ಹೋಗಿದ್ದು. ನನಗೆ ನೆನಪಿರುವುದು ಆ ಮಾತು.

ನನ್ನ ಅಭಿಪ್ರಾಯ ಇಷ್ಟೇ. ಮೊದಲ ಸಲ ಹೋಗುವವನು ಯಾವ ರೈಫಲ್ ಅನ್ನುವುದರಿಂದ ಪ್ಲಾನ್ ಶುರು ಮಾಡಬಾರದು. ಹೆಗಲಿನಿಂದ ಶುರು ಮಾಡಬೇಕು. ನಾನು ಎಷ್ಟು ಹೊರಬಲ್ಲೆ, ಎಷ್ಟು ದೂರ, ಎಷ್ಟು ಹೊತ್ತಿನೊಳಗೆ? ಅದನ್ನು ಮೀರಿದ ಜಾಗದಲ್ಲಿ ಎಷ್ಟೇ ದೊಡ್ಡ ಕೊಂಬಿನ ಗಂಡು ಎದುರು ನಿಂತರೂ ಬಂದೂಕು ಇಳಿಸಬೇಕು. ಈ ಗಡಿಯನ್ನು ಮನೆಯಲ್ಲೇ ಬರೆದಿಡಬೇಕು. ಬೆಟ್ಟದಲ್ಲಿ, ಎದೆ ಹೊಡೆದುಕೊಳ್ಳುವಾಗ ಯಾರೂ ಲೆಕ್ಕ ಹಾಕುವುದಿಲ್ಲ. ಟಾರ್ಗೆಟ್ ಮುಗಿಸುವ ಮಾರ್ಚ್ ತಿಂಗಳಲ್ಲಿ ನಾವು ಕೊಟ್ಟ ಸಾಲಗಳೇ ಇದಕ್ಕೆ ಸಾಕ್ಷಿ.

ವಾರದ ಮೇಲೆ ಹೊಸ ಶೀಟು ಬಂತು. ಗಾಡಿಯಿಂದ ಮೂರು ಕಿಲೋಮೀಟರಿನೊಳಗೆ. ಎತ್ತರಕ್ಕೆ ಒಗ್ಗಿಕೊಳ್ಳಲು ಎರಡು ದಿನ ಮೊದಲೇ ಹೋಗುವುದು. ಸಂಜೆ ಬೆಳಕು ಕಮ್ಮಿಯಾದ ಮೇಲೆ ಗುಂಡಿಲ್ಲ. ಈಗಿನಿಂದಲೇ ವಾರಕ್ಕೆ ಮೂರು ದಿನ ಬೆನ್ನಿಗೆ ಅಕ್ಕಿಮೂಟೆ ಕಟ್ಟಿಕೊಂಡು ನಡಿಗೆ. ಜಿಂಕೆ ಜಾತಿಗೆ ಬರುವ ಒಂದು ಮಿದುಳಿನ ರೋಗ ಅಲ್ಲಿದೆಯಂತೆ, ಮಾಂಸ ಪರೀಕ್ಷೆಯ ಫಲಿತಾಂಶ ಬಂದ ಮೇಲೇ ತಿನ್ನುವುದು. ಕೊನೆಯ ಸಾಲು ಅವನೇ ಸೇರಿಸಿದ್ದು: "ಬರಿಗೈಲಿ ಬಂದರೂ ಟ್ರಿಪ್ ಸಕ್ಸಸ್." ಅಲ್ಲಿ ಹೆಚ್ಚಿನವರು ಬರಿಗೈಲೇ ಬರುವುದು, ಹಾಗಾಗಿ ಆ ಸಾಲು ಬೇಕಿತ್ತು.

ಅಕ್ಕನಿಗೆ ಫೋನ್ ಮಾಡಿ, "ಹೋಗ್ತಾನೆ ಅಕ್ಕ, ತಡೆಯೋಕಾಗಲ್ಲ. ಆದರೆ ಅಪ್ಪಯ್ಯನ ಮಾತು ಜೊತೆಗೆ ತಗೊಂಡು ಹೋಗ್ತಾನೆ" ಅಂದೆ. ಅಕ್ಕ "ಹೂಂ" ಅಂದಳು. ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ.

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?