ಮಗುವಿನ ತೂಕ ಸರಿ, ತೋಳಿನ ಕಸುವು?

ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯ ಮಗಳು ಬಂದು ಜಗಲಿಯಲ್ಲಿ ಕೂತಳು. ಚೊಚ್ಚಲ ಬಸುರಿ, ಸೀಮಂತ ಮುಗಿಸಿ ಮಡಂತ್ಯಾರಿನ ತವರಿಗೆ ಬಂದಿದ್ದಾಳೆ. "ಊಟ ಆಯ್ತಾ?" ಎಂದೆ.

"ಅರ್ಧ ಆಯ್ತು ಅಕ್ಕ. ಹೆಚ್ಚು ಉಂಡರೆ ಮಗು ದೊಡ್ಡದಾಗ್ತದೆ, ಹೆರಿಗೆ ಕಷ್ಟ ಅಂತಾರೆ ಅಜ್ಜಿ. ಸ್ಕ್ಯಾನಿನಲ್ಲಿ ತೂಕ ಸರಿ ಉಂಟಲ್ಲ, ಸಾಕಲ್ವಾ?"

ಸಾಕೇ? ಹೊಟ್ಟೆಯೊಳಗಿನ ಮಗುವನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲವಷ್ಟೆ. ತಲೆ, ಹೊಟ್ಟೆ, ತೊಡೆಮೂಳೆಗಳನ್ನು ಅಳೆದು ತೂಕವನ್ನು ಅಂದಾಜು ಮಾಡುತ್ತಾರೆ. ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದು ತಿಳಿಯುವುದಿಲ್ಲ. ತೊಡೆಯ ಚಿತ್ರದಲ್ಲಿ ಇವೆರಡನ್ನೂ ಬೇರೆ ಬೇರೆ ಅಳೆಯುವ ವಿಧಾನವಿದ್ದರೂ ಅದು ಹೆಚ್ಚಾಗಿ ಸಂಶೋಧಕರ ಕೆಲಸ.

ಇಂಥ ಅಳತೆಯ ಕೆಲಸ ನಮ್ಮ ಮೈಸೂರಿನಲ್ಲೇ ನಡೆದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ 1997-98ರಲ್ಲಿ ಬಂದ ಬಸುರಿಯರನ್ನು ಸಂಶೋಧಕರು ಅಧ್ಯಯನಕ್ಕೆ ಸೇರಿಸಿಕೊಂಡರು. ಕೂಸು ಹುಟ್ಟಿದ ಮೇಲೆ ತೋಳಿಗೆ ಟೇಪು ಸುತ್ತಿ, ಚರ್ಮವನ್ನು ಮೆಲ್ಲಗೆ ಮಡಿಚಿ ಚಿಮಟದಂಥ ಸಾಧನದಿಂದ ದಪ್ಪ ನೋಡಿದರು. ಸುತ್ತಳತೆಯಿಂದ ಕೊಬ್ಬಿನ ಪಾಲು ಕಳೆದರೆ ಸ್ನಾಯುವಿನ ಅಂದಾಜು ಸಿಗುತ್ತದೆ. ಬಾಳೆದಿಂಡಿನ ಹೊರಪದರ ಸುಲಿದು ಒಳದಿಂಡು ಎಷ್ಟಿದೆ ಎಂದು ನೋಡಿದ ಹಾಗೆ!

ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿದಾಗ ನಮ್ಮವು ತೂಕದಲ್ಲಿ, ತೋಳಿನ ಸುತ್ತಳತೆಯಲ್ಲಿ ಹಿಂದೆ. ಬೆನ್ನಿನ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆಯಿಲ್ಲ. ಅಂದರೆ ಕೂಸು ಸಣ್ಣದು, ಸ್ನಾಯು ಕಡಿಮೆ, ಕೊಬ್ಬು ಉಳಿದಿದೆ.

ಇದರಿಂದೇನು ಅಂತೀರಾ? ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುವ ದೊಡ್ಡ ಜಾಗವೇ ಸ್ನಾಯು. ಅದು ಕಡಿಮೆಯಾದರೆ ಮುಂದೆ ಸಕ್ಕರೆ ಕಾಯಿಲೆಗೆ ದಾರಿ ಸುಲಭ. ಸ್ನಾಯುವಿನ ಎಳೆಗಳ ಸಂಖ್ಯೆಯಂತೂ ಬಹುಮಟ್ಟಿಗೆ ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ಆಮೇಲೆ ಆ ಎಳೆಗಳು ದಪ್ಪವಾಗುತ್ತವೆ, ಅಷ್ಟೆ.

ಹಾಗಾಗಿ ಬಸುರಿ ಅರ್ಧ ಹೊಟ್ಟೆ ಉಣ್ಣಬಾರದು. ಹಾಗೆಂದು ಬರೀ ತುಪ್ಪ, ಸಿಹಿಯಿಂದಲೂ ಆಗದು. ಹುರುಳಿ ಸಾರು, ಹೆಸರುಕಾಳಿನ ಪಲ್ಯ, ಬಸಳೆ, ಹಾಲು, ಮಜ್ಜಿಗೆ, ತಿನ್ನುವವರಾದರೆ ಮೊಟ್ಟೆ, ಬೂತಾಯಿ ಮೀನು — ಇವು ದಿನವೂ ಸ್ವಲ್ಪ ಸ್ವಲ್ಪ ಇರಲಿ. ಅಂಗಡಿಯ ಪ್ರೋಟೀನ್ ಡಬ್ಬಿಯನ್ನು ಡಾಕ್ಟರರು ಹೇಳದೆ ತರಬೇಡಿ. ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಸಕ್ಕರೆ ಅಂಶ ಇದ್ದವರು ಡಾಕ್ಟರರ ಪಥ್ಯವನ್ನೇ ಪಾಲಿಸಿ. ಮಗುವಿನ ಒದೆತ ಕಡಿಮೆ ಅನ್ನಿಸಿದರೆ ನಾಳೆಗೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಅಜ್ಜಿಯನ್ನು ಗದರುವುದೂ ಬೇಡ. ಅವರ ಕಾಲದಲ್ಲಿ ಹೆರಿಗೆ ಮನೆಯಲ್ಲೇ, ಆಸ್ಪತ್ರೆ ದೂರ. ಆ ಭಯ ಸುಳ್ಳಲ್ಲ. ಹುಡುಗಿಯ ಕೈಯಲ್ಲಿ ಒಂದು ಪಾತ್ರೆ ಹುರುಳಿ ಸಾರು ಕೊಟ್ಟು ಕಳಿಸಿದೆ. ಸಂಜೆ ಅಜ್ಜಿಯೇ ಬೇಲಿಯಾಚೆಯಿಂದ ಕೂಗಿದರು: "ಹುರುಳಿ ಎಷ್ಟು ಹೊತ್ತು ನೆನೆಸಿದ್ದು, ಮಾರಾಯ್ತಿ?"