ಪಾಲಿಲ್ಲದ ಪಾಲುದಾರರು

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಮಳೆಯೆನ್ನದೆ ಬಿಸಿಲೆನ್ನದೆ ಬೆನ್ನಿಗೆ ಚೀಲ ಹೊತ್ತು ಬೈಕಿನಲ್ಲಿ ಸಾಗುವ ಯುವಕರನ್ನು ನಾವು ದಿನನಿತ್ಯ ಕಾಣುತ್ತೇವೆ. ಆ್ಯಪ್ ಕಂಪೆನಿಗಳು ಇಂಥವರನ್ನು ಕಾರ್ಮಿಕರೆನ್ನುವುದಿಲ್ಲ, 'ಪಾಲುದಾರ'ರೆನ್ನುತ್ತವೆ. ಪಾಲು ಎಂದರೇನೆಂದು ಕರಾವಳಿಯವರಿಗೆ ಯಾರೂ ಕಲಿಸಬೇಕಿಲ್ಲ. ಕಾಸರಕೋಡು, ತದಡಿಯಂತಹ ಬಂದರುಗಳಲ್ಲಿ ಮೀನು ಮಾರಿ, ಡೀಸೆಲ್ ಖರ್ಚು ಕಳೆದು, ಉಳಿದುದನ್ನು ದೋಣಿಯ ಮಾಲಕನೂ ಕಲಾಸಿಗಳೂ ಹಂಚಿಕೊಳ್ಳುವ ವಾಡಿಕೆಯಿದೆ. ಲೆಕ್ಕ ಕಣ್ಣೆದುರಿಗೇ ನಡೆಯುತ್ತದೆ. ಕೆಲವೊಮ್ಮೆ ಜಗಳವೂ ನಡೆಯುತ್ತದೆ, ಅದು ಬೇರೆ ಮಾತು.

ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಪಾಲುದಾರಿಕೆ ಬೇರೆ, ಕೂಲಿ ಬೇರೆ. ಪಾಲುದಾರಿಕೆಯಾದರೆ ಲಾಭದ ಪ್ರಮಾಣವು ಮೊದಲೇ ನಿಶ್ಚಿತವಾಗಿರಬೇಕು. ಇಜಾರಾ, ಅಂದರೆ ಕೂಲಿಯ ಕರಾರಾದರೆ ಕೆಲಸವೂ ವೇತನವೂ ಮೊದಲೇ ತಿಳಿದಿರಬೇಕು. ಆ್ಯಪ್‌ನ ಸವಾರನಿಗೆ ಈ ಎರಡೂ ಇಲ್ಲ. ಕಂಪೆನಿಯ ಲಾಭದಲ್ಲಿ ಅವನಿಗೆ ಹಕ್ಕಿಲ್ಲ. ಇಂದಿನ ದರ ನಾಳೆಗೂ ಇರುವುದೆಂಬ ಖಾತ್ರಿಯಿಲ್ಲ. ಪೆಟ್ರೋಲು, ಬೈಕಿನ ಸವೆತ, ಬಿದ್ದರೆ ಆಸ್ಪತ್ರೆಯ ಬಿಲ್ಲು ಮಾತ್ರ ಅವನದೇ. ನಷ್ಟಕ್ಕಷ್ಟೇ ಆತ ಪಾಲುದಾರ! ಗಲ್ಫಿನಲ್ಲಿ ದುಡಿದ ಭಟ್ಕಳದವರಿಗೆ ಕಫೀಲನ ಹಂಗು ಎಂಥದೆಂದು ಗೊತ್ತಿದೆ. ಆದರೆ ಕಫೀಲನಿಗೊಂದು ಮುಖವಾದರೂ ಇತ್ತು. ಇಲ್ಲಿ ಖಾತೆ ಸ್ಥಗಿತಗೊಂಡರೆ ಯಾರ ಬಾಗಿಲು ತಟ್ಟಬೇಕು?

ಈ ಪ್ರಶ್ನೆಗೆ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಅಷ್ಟಿಷ್ಟು ಉತ್ತರ ನೀಡಿದೆ. ಕಾರ್ಮಿಕನಿಗೆ ಪ್ರತಿ ವ್ಯವಹಾರದಲ್ಲಿ ಸಲ್ಲುವ ಮೊತ್ತದ ಶೇ. 1ರಿಂದ 5ರವರೆಗಿನ ಶುಲ್ಕವನ್ನು ಕಂಪೆನಿಯೇ ಕ್ಷೇಮನಿಧಿಗೆ ಕಟ್ಟಬೇಕು. ಸಾಮಾನ್ಯವಾಗಿ, ಕಾರಣ ತಿಳಿಸಿ 14 ದಿನಗಳ ನೋಟಿಸ್ ನೀಡದೆ ಕೆಲಸದಿಂದ ತೆಗೆಯುವಂತಿಲ್ಲ. ರಾಜಸ್ಥಾನದ 2023ರ ಕಾಯ್ದೆಯ ದಾರಿಯಲ್ಲೇ ಬಂದ ಈ ಕ್ರಮ ಸ್ವಾಗತಾರ್ಹ. ಆದರೆ ಅವನು ನೌಕರನೇ ಎಂಬ ಮೂಲ ಪ್ರಶ್ನೆಯನ್ನು ಅದು ಬದಿಗಿಟ್ಟಿದೆ. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯಂತೂ ಗಿಗ್ ಕಾರ್ಮಿಕನನ್ನು ಸಾಂಪ್ರದಾಯಿಕ ಮಾಲಕ-ನೌಕರ ಸಂಬಂಧದ ಹೊರಗಿನವನೆಂದೇ ವ್ಯಾಖ್ಯಾನಿಸುತ್ತದೆ.

ಬ್ರಿಟನಿನ ಸುಪ್ರೀಂ ಕೋರ್ಟ್ ಹೀಗೆ ಜಾರಿಕೊಳ್ಳಲಿಲ್ಲ. ದರವನ್ನೂ ಷರತ್ತನ್ನೂ ನಿರ್ಧರಿಸುವುದು ಕಂಪೆನಿಯೇ ಆದ್ದರಿಂದ ಊಬರ್ ಚಾಲಕರು ಕನಿಷ್ಠ ವೇತನಕ್ಕೂ ಸವೇತನ ರಜೆಗೂ ಅರ್ಹರಾದ ಕಾರ್ಮಿಕರೆಂದು 2021ರ ಫೆಬ್ರವರಿಯಲ್ಲಿ ಅದು ತೀರ್ಪಿತ್ತಿತು. ಕುಮಟೆಯ ಹುಡುಗನ ದರವನ್ನು ನಿರ್ಧರಿಸುವವರು ಯಾರು? ಅವನಂತೂ ಅಲ್ಲ.

ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂಬ ಪ್ರವಾದಿ(ಸ)ರ ಬೋಧನೆ ನಮ್ಮ ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಮಗ್‌ರಿಬ್‌ಗೆ ಹತ್ತು ನಿಮಿಷವಿರುವಾಗ ಇಫ್ತಾರಿನ ತಿನಿಸು ತರಿಸಿ, ತಡವಾಯಿತೆಂದು ಅಂಕ ಕಡಿಯುವವರೂ ನಮ್ಮ ನಡುವೆಯೇ ಇದ್ದಾರೆ. ಜಮಾಅತ್‌ಗಳು ವಾರಕ್ಕೊಂದು ಸಂಜೆ ಈ ಯುವಕರನ್ನು ಕೂರಿಸಿಕೊಂಡು, ಕ್ಷೇಮಾಭಿವೃದ್ಧಿ ಮಂಡಳಿಯಲ್ಲಿ ಅವರ ಹೆಸರು ನೋಂದಣಿಯಾಗಿದೆಯೇ ಎಂದು ಪರಿಶೀಲಿಸಿಕೊಡಲಿ. ಆ್ಯಪ್‌ನಲ್ಲಿ ಓದದೆಯೇ ಒಪ್ಪಿಕೊಂಡ ಕರಾರನ್ನು ಕನ್ನಡದಲ್ಲಿ ಓದಿ ಹೇಳಲಿ.