ಜೀಪು ಕೊಳ್ಳಹೋದ ಪ್ರಸಂಗ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮೂರನೆಯ ಮಾತೊಂದನ್ನು ಹೇಳದೆ ಉಳಿಸಿಹೋದರು. ಅವರ ಕಾಲಕ್ಕೆ ಆ ವಸ್ತು ಇನ್ನೂ ಹುಟ್ಟಿರಲಿಲ್ಲವೆಂಬುದೇ ಅದಕ್ಕೆ ಕಾರಣವಿರಬೇಕು. ‘ಹಳೆಯ ಜೀಪು ಕೊಂಡು ನೋಡು’ ಎಂಬ ಆ ಮಾತನ್ನು ಈ ವಾರ ನಾನು ಸೇರಿಸಬೇಕೆಂದಿದ್ದೇನೆ. ಕೊಂಡ ಅನುಭವದಿಂದಲ್ಲ, ಕೊಳ್ಳಲು ಹೋಗಿ ಬಂದ ಅನುಭವದಿಂದ.

ಕಾಲೇಜಿನಲ್ಲಿ ಹಳಗನ್ನಡ ಕಾವ್ಯ ಪಾಠ ಹೇಳಿಕೊಂಡಿರುವವನಿಗೆ ಜೀಪಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ನನ್ನ ಮನೆಯಾಕೆಯೂ ಅದನ್ನೇ ಕೇಳಿದಳು. “ಮೈಸೂರಿನಲ್ಲಿ ಸ್ಕೂಟರು ನಿಲ್ಲಿಸೋದಕ್ಕೇ ಜಾಗವಿಲ್ಲ, ಆನೆ ತಂದು ಎಲ್ಲಿ ಕಟ್ಟುತ್ತೀರಿ?” ಎಂದಳು. ಆನೆ ಮೈಸೂರಿಗಲ್ಲ, ಊರಿಗೆ ಎಂದಾಗ ಮಾತ್ರ ಅವಳು ಸುಮ್ಮನಾದಳು. ಏಕೆಂದರೆ ಹಿಂದಿನ ವರ್ಷದ ಆಷಾಢ ಅವಳಿಗೂ ನೆನಪಿತ್ತು.

ನಮ್ಮ ಮನೆ ತೀರ್ಥಹಳ್ಳಿಯ ಆಚೆ, ಆಗುಂಬೆಯ ದಿಕ್ಕಿನಲ್ಲಿ, ಡಾಂಬರು ರಸ್ತೆಯಿಂದ ಒಂದೂವರೆ ಮೈಲಿ ಒಳಗಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಮೈಸೂರಿನಲ್ಲಿ ವರ್ಷವಿಡೀ ಬೀಳುವಷ್ಟು ಮಳೆಯನ್ನು ಅಲ್ಲಿಯ ಆಕಾಶ ಜುಲೈ ತಿಂಗಳೊಂದರಲ್ಲೇ ಸುರಿದು ಇನ್ನೂ ಮಿಗಿಸಿಕೊಂಡಿರುತ್ತದೆ. ಇಂಥ ಕಾಲದಲ್ಲಿ ಒಂದು ಬೆಳಗ್ಗೆ ನಮ್ಮ ತಾಯಿ ಬಚ್ಚಲುಮನೆಯ ಮುಂದೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕುರ್ಚಿಗೆ ಎರಡು ಬಿದಿರುಗಳ ಕಟ್ಟಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ನಾಲ್ವರು ಅವರನ್ನು ರಸ್ತೆಯವರೆಗೆ ಹೊತ್ತು ತಂದರು. ನಾನು ಮುನ್ನೂರು ಕಿಲೋಮೀಟರು ದೂರದಲ್ಲಿದ್ದೆ. ಮರುದಿನ ನೇರವಾಗಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವರನ್ನು ಕಂಡೆ. ಶಸ್ತ್ರಚಿಕಿತ್ಸೆ ಸಫಲವಾಯಿತು, ಅಮ್ಮ ಈಗ ಕೋಲೂರಿ ನಡೆಯುತ್ತಾರೆ. ಆದರೆ ಆ ಬಿದಿರುಕುರ್ಚಿ ನನ್ನ ನಿದ್ರೆಯೊಳಗೆ ಬಹುಕಾಲ ತೂಗಾಡಿತು.

ಹೀಗೆ ಹುಟ್ಟಿತು ಜೀಪಿನ ಸಂಕಲ್ಪ. ಹೊಸದನ್ನು ಕೊಳ್ಳುವ ಶಕ್ತಿ ಅಧ್ಯಾಪಕನಿಗಿಲ್ಲ. ಮಗಳ ವಿದ್ಯಾಭ್ಯಾಸಕ್ಕೆಂದು ಕೂಡಿಟ್ಟ ಮೂರು ಲಕ್ಷ ರೂಪಾಯಿ ಬ್ಯಾಂಕಿನಲ್ಲಿತ್ತು. ಸಹೋದ್ಯೋಗಿಯೊಬ್ಬರು, “ಎ.ಟಿ.ವಿ. ಕೊಳ್ಳಿ ಸ್ವಾಮಿ, ಎಂಥ ಕೆಸರಿನಲ್ಲೂ ಹೋಗುತ್ತೆ” ಎಂದರು. ನಾಲ್ಕು ದಪ್ಪ ಚಕ್ರಗಳ ಮೇಲೆ ಕುದುರೆಯಂತೆ ಏರಿ ಕುಳಿತು, ಸೈಕಲ್ಲಿನಂತೆ ಹಿಡಿಯಿಂದ ತಿರುಗಿಸುವ ಯಂತ್ರವದು. ಹೋಗುತ್ತದೆ, ನಿಜ. ಆದರೆ ಅವುಗಳಲ್ಲಿ ಬಹುಪಾಲು ಸಾರ್ವಜನಿಕ ರಸ್ತೆಗೆ ನೋಂದಣಿಯಾಗತಕ್ಕವಲ್ಲ. ಮೇಲಾಗಿ ಸೊಂಟ ಮುರಿದವರನ್ನು ಕುದುರೆಯೇರಿಸುವುದು ಹೇಗೆ? ಆದ್ದರಿಂದ ಮಲೆನಾಡು ಬಹುಕಾಲದಿಂದ ನಂಬಿದ ಜೀಪಿಗೇ ಮನಸ್ಸು ಮರಳಿತು.

ಜೀಪಿನ ಕುಲಗೋತ್ರ ಸಣ್ಣದಲ್ಲ. ಎರಡನೆಯ ಮಹಾಯುದ್ಧದ 1941ರಿಂದ 1945ರವರೆಗಿನ ಅವಧಿಯಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳು ಹೊರಬಂದವು. 1945ರಲ್ಲಿ ಸ್ಥಾಪನೆಯಾಗಿ 1948ರಲ್ಲಿ ಇಂದಿನ ಹೆಸರು ಪಡೆದ ಮಹೀಂದ್ರಾ ಸಂಸ್ಥೆ ಅದೇ ವಿಲ್ಲೀಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಆ ವಂಶದ ಎಂ.ಎಂ. 540 ಎಂಬ ಮಾದರಿಯೊಂದು, 1994ರಲ್ಲಿ ನೋಂದಣಿಯಾದದ್ದು, ಮಾರಾಟಕ್ಕಿದೆಯೆಂದು ತಿಳಿಯಿತು. ಒಡೆಯರು ಹೇಳಿದ ಬೆಲೆ ಎರಡು ಲಕ್ಷ ಎಪ್ಪತ್ತೈದು ಸಾವಿರ. ಮಾರ್ಚಿಯ ಒಂದು ಭಾನುವಾರ, ನಮ್ಮ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದುಕೊಂಡು ನೋಡಲು ಹೋದೆ.

ಜೀಪು ಹಸುರು ಬಣ್ಣ ಹೊಸದಾಗಿ ಬಳಿದುಕೊಂಡು ಮದುವೆಯ ಗಂಡಿನಂತೆ ನಿಂತಿತ್ತು. ನಾನು ಬಣ್ಣ ನೋಡಿದೆ. ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟರು. “ಬಿಸಿಯಿದೆ. ನಾವು ಬರೋದಕ್ಕೆ ಮೊದಲೇ ಚಾಲು ಮಾಡಿದ್ದೀರಿ” ಎಂದರು. ಹಳೆಯ ಎಂಜಿನ್ನಿನ ನಿಜವಾದ ಗುಣ ತಿಳಿಯುವುದು ಅದು ತಣ್ಣಗಿರುವಾಗ ಏಳುವ ರೀತಿಯಿಂದಂತೆ. ಆರಿದ ಮೇಲೆ ಮತ್ತೆ ಚಾಲು ಮಾಡೋಣವೆಂದು ಒಂದು ಗಂಟೆ ಕಾಯಿಸಿದರು. ಹೊಗೆ ನೀಲಿಯಾದರೆ ಆಯಿಲು ಉರಿಯುತ್ತಿದೆಯೆಂದೂ, ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲವೆಂದೂ, ಬಿಳಿಹೊಗೆ ಬಿಡದೆ ಬರುತ್ತಿದ್ದರೆ ನೀರು ಒಳಗೆ ಸೇರುತ್ತಿದೆಯೋ ಎಂದು ಸಂಶಯಪಡಬೇಕೆಂದೂ ವಿವರಿಸಿದರು. ಹೊಗೆ ಮೊದಲು ತುಸು ಕಾಣಿಸಿ ತಿಳಿಯಾಯಿತು. ಎಂಜಿನ್ ತೇರ್ಗಡೆ.

ಅನಂತರ ಸಣ್ಣ ಸುತ್ತಿಗೆ ಹಿಡಿದು ಜೀಪಿನಡಿ ಮಲಗಿ ಚಾಸಿಯನ್ನು ಉದ್ದಕ್ಕೂ ತಟ್ಟಿದರು. ಗಟ್ಟಿ ಕಬ್ಬಿಣ ಟಣ್ಣೆನ್ನುತ್ತದೆ. ತುಕ್ಕು ತಿಂದದ್ದು ಮಣ್ಣಿನ ಮಡಕೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ಒಂದು ಕಡೆ ಬೆಸುಗೆಯ ಗುರುತಿತ್ತಾದರೂ ಅಪಾಯವಿಲ್ಲವೆಂದರು. ಮುಂಚಕ್ರಗಳನ್ನು ಜಾಕಿನಿಂದೆತ್ತಿ ಮೇಲೂ ಕೆಳಗೂ ಹಿಡಿದು ಅಲುಗಿಸಿ ಬೇರಿಂಗ್ ನೋಡಿದರು. ನಾಲ್ಕು ಟೈರುಗಳೂ ಒಂದೇ ಅಳತೆಯವೇ ಎಂದು ನೋಡಿದರು; ಅಳತೆ ಬೇರೆಬೇರೆಯಾದರೆ ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವಾಗ ಗೇರುಗಳು ಒಂದನ್ನೊಂದು ಎಳೆದಾಡುತ್ತವಂತೆ. ಇದೇ ಕಾರಣದಿಂದ ಇಂಥ ಜೀಪನ್ನು ಡಾಂಬರಿನ ಮೇಲೆ ಹಿಂಚಕ್ರಗಳ ಬಲದಿಂದಷ್ಟೇ ಓಡಿಸತಕ್ಕದ್ದು. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಸುತ್ತಬೇಕು. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಗಟ್ಟಿ ನೆಲದಲ್ಲಿ ಹೋಗದು.

ಇಷ್ಟಾದ ಮೇಲೆ ಒಡೆಯರು ಗೇರಿನ ಪಕ್ಕದ ಗಿಡ್ಡ ಹಿಡಿಕೆಗಳನ್ನು ಹೆಮ್ಮೆಯಿಂದ ತೋರಿಸಿದರು. ಅಡಿಯಲ್ಲಿಯೇ ಮಲಗಿದ್ದ ಮೇಸ್ತ್ರಿ, “ಮೇಷ್ಟ್ರೇ, ನೀವೂ ಒಂದು ಸಲ ಇಲ್ಲಿ ಬಗ್ಗಿ ನೋಡಿ” ಎಂದರು. ಬಗ್ಗಿದೆ. ಎಂಜಿನ್ನಿನ ಶಕ್ತಿಯನ್ನು ಮುಂಚಕ್ರಗಳಿಗೆ ಒಯ್ಯಬೇಕಾದ ಉದ್ದನೆಯ ಕಬ್ಬಿಣದ ದಂಡ, ಅವರ ಭಾಷೆಯಲ್ಲಿ ಪ್ರೊಪೆಲ್ಲರ್ ಶಾಫ್ಟು, ಇರಲೇ ಇಲ್ಲ! ಮೇಲೆ ಹಿಡಿಕೆಯಿದೆ, ಕೆಳಗೆ ಬರಿಯ ಗಾಳಿ. “ಡೀಸೆಲ್ ಉಳೀಲಿ ಅಂತ ಬಿಚ್ಚಿಟ್ಟಿದ್ದೀವಿ, ಕೊಟ್ಟಿಗೆಯಲ್ಲಿದೆ” ಎಂದರು ಒಡೆಯರು. ಡೀಸೆಲಿಗಾಗಿ ಬಿಚ್ಚಿದ್ದೋ, ಒಳಗಿನ ಗೇರು ಸವೆದು ಸದ್ದು ಮಾಡಿತೆಂದು ಬಿಚ್ಚಿದ್ದೋ, ಮತ್ತೆ ಜೋಡಿಸಿ ಕೆಸರಿನಲ್ಲಿ ಓಡಿಸಿದ ಹೊರತು ಹೇಳಲಾಗದೆಂದು ಮೇಸ್ತ್ರಿಯ ಅಭಿಪ್ರಾಯ.

ಕಾಗದಪತ್ರವೂ ಹೀಗೆಯೇ. ಖಾಸಗಿ ವಾಹನದ ನೋಂದಣಿ ಮೊದಲ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಯಾಗಿ ನವೀಕರಣವಾಗಬೇಕು. ಈ ಜೀಪಿನ ನವೀಕರಣ 2024ರಲ್ಲಿ ತಪ್ಪಿತ್ತು. ಒಂದು ಕಾಲಕ್ಕೆ 600 ರೂಪಾಯಿಯಿದ್ದ ಶುಲ್ಕ 2022ರಲ್ಲಿ 5,000ಕ್ಕೇರಿ, ಇಪ್ಪತ್ತು ವರ್ಷ ಮೀರಿದ ಲಘುವಾಹನಗಳಿಗೆ 2025ರ ಆಗಸ್ಟಿನಲ್ಲಿ 10,000 ಆಯಿತು. ತಡವಾದದ್ದಕ್ಕೆ ದಂಡ ಬೇರೆ.

ಒಡೆಯರು ನಲವತ್ತು ಸಾವಿರ ಇಳಿಸಿದರು. ನಾನು ಇಳಿದ ಬೆಲೆಗೆ ಮನಸೋತೆ. ಎರಡು ದಿನದಲ್ಲಿ ತಿಳಿಸುತ್ತೇನೆಂದು ಹೇಳಿ, ರಾತ್ರಿ ಮನೆ ಸೇರಿ, ಅಪ್ಪಯ್ಯನ ಮುಂದೆ ಲೆಕ್ಕದ ಚೀಟಿ ಹರಡಿ ಕುಳಿತೆ. ಅವರು ಅಡಿಕೆ ಕತ್ತರಿಸುತ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

“ಜೀಪು ಒಳ್ಳೇದೇ ಮಾರಾಯ. ಮಳೇಲಿ ಅದನ್ನ ಓಡಿಸೋರು ಯಾರು?”

“ಪಕ್ಕದ ಮನೆಯ ಹುಡುಗ ಓಡಿಸ್ತಾನಲ್ಲ? ಅವನದೇ ಜೀಪಿದೆ.”

“ಹೌದು, ಅವನದೇ ಇದೆ. ಅವತ್ತೂ ಇತ್ತು.” ಅಪ್ಪಯ್ಯ ಅಡಕತ್ತರಿ ಕೆಳಗಿಟ್ಟರು. “ನಿಮ್ಮಮ್ಮ ಬಿದ್ದ ದಿನ ಅವನು ಪೇಟೆಯಿಂದ ಜೀಪು ತಂದಿದ್ದ. ನಾಲ್ಕು ಚಕ್ರಾನೂ ತಿರುಗೋ ಜೀಪೇ. ಹಳ್ಳದ ಮೋರಿ ಹಿಂದಿನ ರಾತ್ರಿ ಕೊಚ್ಚಿಹೋಗಿತ್ತು. ಆಚೆ ದಡದಲ್ಲಿ ನಿಂತುಬಿಡ್ತು. ನಿನಗೆ ಯಾರೂ ಹೇಳಲಿಲ್ವ?”

ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದು ವರ್ಷ ಬಿದಿರುಕುರ್ಚಿಯನ್ನು ನೆನೆದು ಮರುಗಿದವನು, ಕುರ್ಚಿ ಏಕೆ ಬೇಕಾಯಿತೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಅಪ್ಪಯ್ಯನ ಧ್ವನಿಯಲ್ಲಿ ಆಕ್ಷೇಪಣೆ ಲವಲೇಶವೂ ಇರಲಿಲ್ಲ, ಇದ್ದಿದ್ದರೆ ಹಗುರವಾಗುತ್ತಿತ್ತು. ನಾಲ್ಕು ಚಕ್ರಗಳಿಗೂ ಶಕ್ತಿಯಿದ್ದರೆ ಕೆಸರು ದಾಟಬಹುದು, ಏರು ಹತ್ತಬಹುದು. ನೆಲವೇ ಇಲ್ಲದಲ್ಲಿ ಚಕ್ರ ಎಷ್ಟಿದ್ದರೇನು?

ಬೆಳಗ್ಗೆ ಕೊಡೆ ಊರಿಕೊಂಡು ಅಪ್ಪಯ್ಯನೊಡನೆ ಹಳ್ಳದ ಬಳಿಗೆ ಹೋದೆ. ಮಳೆ ನಿಂತ ಮೇಲೆ ಮಣ್ಣು, ಮರದ ದಿಮ್ಮಿ ಹಾಕಿ ಮಾಡಿಕೊಂಡ ತಾತ್ಕಾಲಿಕ ದಾರಿ. ಮುಂದಿನ ಆಷಾಢಕ್ಕೆ ಅದೂ ಹೋಗುವುದು ನಿಶ್ಚಯ. ಆ ದಾರಿಯನ್ನು ನಂಬಿದವು ಮೂರು ಮನೆಗಳು. ಮೂವರೂ ಸೇರಿ ಕುಳಿತೆವು. ಅಗಲವಾದ ಸಿಮೆಂಟು ಕೊಳವೆಗಳನ್ನಿಟ್ಟು, ಎರಡೂ ಬದಿಗೆ ಕಲ್ಲು ಕಟ್ಟಿ, ಏರಿನ ಮೇಲೆ ಜಲ್ಲಿ ಹಾಸುವುದೆಂದು ತೀರ್ಮಾನವಾಯಿತು. ನನ್ನ ಪಾಲಿಗೆ ಒಂದು ಲಕ್ಷ ಹತ್ತು ಸಾವಿರ ಬಂದಿತು. ಜೀಪಿನ ಒಡೆಯರಿಗೆ ಬೇಡವೆಂದು ತಿಳಿಸಿದೆ. ಮೇ ತಿಂಗಳ ಕೊನೆಗೆ ಕೆಲಸ ಮುಗಿಯಿತು.

ಹಳೆಯ ವಾಹನ ಕೊಳ್ಳಬೇಡಿರೆಂದು ನಾನು ಹೇಳುತ್ತಿಲ್ಲ. ತಿಳಿದವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಎಂಜಿನ್ ತಣ್ಣಗಿರುವಾಗ ನೋಡಿರಿ. ಬಟ್ಟೆ ಕೊಳೆಯಾದರೂ ಅಡಿಯಲ್ಲಿ ಬಗ್ಗಿರಿ. ಕಾಗದದ ತಾರೀಖು ಓದಿರಿ. ಆದರೆ ಇವೆಲ್ಲಕ್ಕೂ ಮೊದಲು, ಆ ವಾಹನ ಯಾರಿಗಾಗಿಯೋ ಅವರನ್ನೇ ಒಂದು ಮಾತು ಕೇಳಿರಿ. ನಾನು ಕೇಳಿದ್ದು ಕೊನೆಯಲ್ಲಿ.

ಈ ವರ್ಷದ ಮೊದಲ ಜಡಿಮಳೆಯ ದಿನ ಅಮ್ಮ ದೂರವಾಣಿಯಲ್ಲಿ ಮಾತನಾಡಿದರು. ಪಕ್ಕದ ಮನೆಯ ಜೀಪು ಹಿಂಡಿಯ ಮೂಟೆಗಳನ್ನು ಅಂಗಳದವರೆಗೂ ತಂದಿಳಿಸಿತೆಂದೂ, ಮೋರಿಯಲ್ಲಿ ನೀರು ಸಲೀಸಾಗಿ ಹೋಗುತ್ತಿದೆಯೆಂದೂ ಹೇಳಿ, ಸ್ವಲ್ಪ ತಡೆದು ಕೇಳಿದರು:

“ಈಗ ದಾರಿ ಸರಿಯಾಯ್ತಲ್ಲ ಮಗಾ, ನೀನು ಯಾವಾಗ ಬರ್ತೀಯ?”